ಭಾವನ ಪಾಲು

ಹೊನ್ನೆಪೋಡಿನ ಹಿಂದಿನಿಂದ ಒಂದು ತಾಸು ಏರಿದರೆ ಕಾಡು ತಟ್ಟನೆ ಮುಗಿದು ಬೋಳು ಬಂಡೆ ಸಿಗುತ್ತದೆ. ಅದರಾಚೆ ನೆಲವಿಲ್ಲ; ನೂರೈವತ್ತು ಅಡಿ ಕೆಳಗೆ ಮತ್ತೆ ಕಾಡು. ಬಂಡೆಯ ಮೂಗಿನಡಿ ಹೆಜ್ಜೇನು ಸಾಲಾಗಿ ಕಟ್ಟುತ್ತದೆ. ಅಂಚಿನಲ್ಲಿ ಹಗ್ಗ ಉಜ್ಜಿ ಸವೆದ ಒಂದು ಗೀರು, ಅದರ ಹಿಂದೆ ಅಂಗೈಯಗಲದ ಒಂದು ಕುಳಿ, ಹತ್ತು ಹೆಜ್ಜೆ ಹಿಂದೆ ಇಬ್ಬರು ತಬ್ಬಿದರೂ ತೋಳು ಸಾಲದ ಒಂದು ಹೊನ್ನೆಮರ. ನೋಡಲು ಇರುವುದು ಇಷ್ಟೇ. ಗುಡಿಯಿಲ್ಲ, ವಿಗ್ರಹವಿಲ್ಲ, ಕಾಯಿ ಒಡೆಯುವವರೂ ಇಲ್ಲ. ಪೋಡಿನವರು, ಅಂದರೆ ಕಾಡಿನೊಳಗಿನ ಆ ಇಪ್ಪತ್ತು ಗುಡಿಸಲುಗಳ ಜನ, ಈ ಜಾಗವನ್ನು ‘ಭಾವನ ಪಾಲು’ ಎನ್ನುತ್ತಾರೆ. ಭಾವ ಯಾರೆಂದರೆ ದೇವರು ಎನ್ನುತ್ತಾರೆ, ಪಕ್ಕದೂರಿನ ನೆಂಟನ ಹೆಸರು ಹೇಳಿದಷ್ಟೇ ಸಲೀಸಾಗಿ.

ನೆಂಟಸ್ತಿಕೆ ಹುಟ್ಟಿದ್ದು ಹೀಗೆ. ಹಿಂದೆ ಒಮ್ಮೆ ಬೆಟ್ಟದ ರಂಗಪ್ಪ, ಗೆಣಸು ಅಗೆಯುತ್ತಿದ್ದ ಪೋಡಿನ ಹುಡುಗಿಯೊಬ್ಬಳನ್ನು ಕಂಡು ಮನಸೋತು ಹೆಣ್ಣು ಕೇಳಲು ಬಂದನಂತೆ. ವರ ದೇವರೆಂದು ಗೊತ್ತಾದ ಮೇಲೂ ಹಿರಿಯರು ಷರತ್ತು ಹಾಕುವುದನ್ನು ಬಿಡಲಿಲ್ಲ. ಸೀರೆ ಬೇಡ, ಒಡವೆ ಬೇಡ, ಒಂದು ಮಾತು ಬೇಕು ಎಂದರು. ರಂಗಪ್ಪ ಕೊಟ್ಟ: ನಿಮ್ಮ ಕೈಲಾದಷ್ಟು ನೀವು ಮಾಡಿ, ಕೈ ಸಾಲದೆ ಉಳಿದ ಪಾಲು ನನ್ನದು, ಕರೆದರೆ ಬರುತ್ತೇನೆ. ಅಂದಿನಿಂದ ಅವನು ಪೋಡಿನ ಗಂಡಸರಿಗೆಲ್ಲ ಭಾವ. ಆ ಮಾತನ್ನು ಯಾರೂ ಬರೆದಿಡಲಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಮರೆಯಲೂ ಬರುತ್ತಿರಲಿಲ್ಲ.

ಜೇನು ಇಳಿಸುವುದಕ್ಕೂ ಅವರಲ್ಲಿ ಒಂದು ಕಟ್ಟಳೆ ಇತ್ತು. ಹಗ್ಗ ಹಿಡಿದು ಕೆಳಗಿಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಮೇಲೆ ಕೂತು ಅವನನ್ನು ಹಿಡಿದುಕೊಂಡಿರಬೇಕು. ಒಡಹುಟ್ಟಿದವಳ ತಾಳಿ ಹೋಗಲು ಯಾವನೂ ಬಿಡಲಾರ ಎಂಬ ನಂಬಿಕೆ. ಇದೇನೋ ಜಾಣತನವೇ. ಅದರ ಬೆನ್ನಿಗೆ ಅಷ್ಟು ಜಾಣತನವಲ್ಲದ ಇನ್ನೊಂದಿತ್ತು: ಹಗ್ಗದ ತುದಿಯನ್ನು ಮರಕ್ಕೆ ಕಟ್ಟಕೂಡದು. ಕಟ್ಟಿದರೆ ಹಿಡಿದವನನ್ನು ನಂಬಲಿಲ್ಲವೆಂದು ಸಾರಿದಂತೆ. ಹತ್ತು ಹೆಜ್ಜೆಯಲ್ಲಿ ಗಟ್ಟಿ ಹೊನ್ನೆಮರ ನಿಂತಿದ್ದರೂ ಬರಿ ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ಕಾಲನ್ನು ಕಲ್ಲಿಗೆ ಒದ್ದು ಕೂರುವುದೇ ಅವರಿಗೆ ಮರ್ಯಾದೆಯಾಗಿತ್ತು.

ಆ ವರ್ಷ ಇಳಿಯಬೇಕಾದವನು ಜಡೆಯ. ಅವನ ಹೆಂಡತಿ ಕೇತಿಗೆ ಇದ್ದದ್ದು ಒಬ್ಬನೇ ಅಣ್ಣ, ಬೊಮ್ಮ. ಬೊಮ್ಮನಷ್ಟು ಪುಕ್ಕಲ ಪೋಡಿನಲ್ಲಿ ಇನ್ನೊಬ್ಬ ಇರಲಿಲ್ಲ. ಹಿಂದಿನ ಸುಗ್ಗಿಯಲ್ಲಿ ಪೊದೆಯೊಳಗಿನ ಸದ್ದಿಗೆ ಕುಡುಗೋಲು ಎಸೆದು ಓಡಿಬಂದು ಹುಲಿ ಎಂದಿದ್ದ. ಹೋಗಿ ನೋಡಿದರೆ ಕಾಡುಕೋಳಿ. ಬೇರೆ ಯಾರಾದರೂ ಹಿಡಿಯಲಿ ಎಂದು ಹಿರಿಯರು ಗೊಣಗಿದರು. ಕೇತಿ ಒಪ್ಪಲಿಲ್ಲ. “ಬೇರೆ ಅಣ್ಣನ್ನ ಎಲ್ಲಿಂದ ತರನ? ಇರೋನೇ ಹಿಡೀಲಿ” ಎಂದು ಬುಟ್ಟಿ ಹೊತ್ತು ಬಂಡೆಯ ಬುಡದತ್ತ ಇಳಿದುಹೋದಳು. ಜಡೆಯನೂ ನಗುತ್ತಲೇ ಅಂಚಿಗೆ ಬಂದ. “ಹೆದರಿ ಓಡೋ ಹಂಗಾದ್ರ ಹಗ್ಗ ಮಾತ್ರ ಬಿಚ್ಚಬ್ಯಾಡ ಕಣ ಬೊಮ್ಮ. ನನ್ನೂ ಎಳ್ಕಂಡೇ ಓಡು.” ಬೊಮ್ಮನಿಗೆ ನಗು ಬರಲಿಲ್ಲ. ಹಗ್ಗ ಬಿಗಿಯಾಯಿತು, ಜಡೆಯನ ತಲೆ ಅಂಚಿನ ಕೆಳಗೆ ಮರೆಯಾಯಿತು.

ಇಳಿಹೊತ್ತಿನ ಬಿಸಿಲು ಬಂಡೆಯ ಮೇಲೆ ಇನ್ನೂ ಇತ್ತು. ಬೆನ್ನ ಹಿಂದೆ ಒಂದು ಕೊಂಬೆ ಮುರಿಯಿತು. ಬೊಮ್ಮ ಕತ್ತು ತಿರುಗಿಸಿದ. ಈ ಸಲ ಕಾಡುಕೋಳಿಯಲ್ಲ. ಹೊನ್ನೆಮರದ ಬುಡದಲ್ಲಿ ಒಂಟಿ ಸಲಗ ನಿಂತಿತ್ತು. ಓಡಬೇಕಾದರೆ ಹಗ್ಗ ಬಿಡಬೇಕು, ಬಿಟ್ಟರೆ ಬಂಡೆಯ ಬುಡದಲ್ಲಿ ಬುಟ್ಟಿ ಹಿಡಿದು ನಿಂತ ತಂಗಿಯ ಕಾಲಬುಡಕ್ಕೇ ಅವಳ ಗಂಡ ಬಂದು ಬೀಳುತ್ತಾನೆ. ಎಳೆದುಕೊಳ್ಳೋಣವೆಂದರೆ ಅಷ್ಟು ಹೊತ್ತಿಲ್ಲ. ಮರಕ್ಕೆ ಕಟ್ಟಿದ್ದರೆ ಇಷ್ಟು ಫಜೀತಿಯೇ ಇರುತ್ತಿರಲಿಲ್ಲ. ಆ ಮರದಡಿ ಈಗ ಆನೆ.

“ಭಾವ” ಎಂದ ಬೊಮ್ಮ.

“ಏನ್ಲಾ?” ಎಂದು ಜಡೆಯ ಕೆಳಗಿನಿಂದ ಓಗೊಟ್ಟ.

“ನಿನ್ನಲ್ಲ. ಇನ್ನೊಬ್ಬ ಭಾವನ್ನ.”

ಜಡೆಯ ಹಗ್ಗವನ್ನು ಬಿಗಿಯಾಗಿ ಹಿಡಿದ. ಆ ಭಾವನನ್ನು ಪೋಡಿನಲ್ಲಿ ಯಾರೂ ಸುಮ್ಮಸುಮ್ಮನೆ ಕರೆಯುವುದಿಲ್ಲ. ಬೊಮ್ಮ ಮೆಲ್ಲಗೆ, ಹಲ್ಲು ಕಟಕಟಿಸುತ್ತಿದ್ದರೂ ಒಂದೊಂದೇ ಮಾತಾಗಿ ಹೇಳಿದ. “ಭಾವ, ನಂಗಿರೋದು ಎರಡೇ ಕೈ. ಎರಡೂ ಹಗ್ಗದ ಮ್ಯಾಲವೆ. ಹಗ್ಗ ನನ್ನ ಪಾಲು, ಆನೆ ನಿನ್ನ ಪಾಲು. ಹೆಣ್ಣು ಕೇಳಕ್ಕ ಬಂದಾಗ ಆಡಿದ ಮಾತ ನಾವು ಮರ್ತಿಲ್ಲ. ನೀನೂ ಮರೆಯೋನಲ್ಲ.”

ಇಷ್ಟು ಹೇಳಿ ಅವನು ಮುಖವನ್ನು ಹಗ್ಗದ ಕಡೆಗೆ ತಿರುಗಿಸಿಕೊಂಡ. ಆನೆಯನ್ನು ನೋಡುತ್ತ ಕೂರುವುದು ತನ್ನ ಪಾಲಿನ ಕೆಲಸವಲ್ಲ ಎಂದುಕೊಂಡನಂತೆ. ಆಗ ಅವನಿಗೆ ಧೈರ್ಯ ಬಂತೆಂದು ಕಥೆ ಹೇಳುವವರು ಯಾರೂ ಹೇಳುವುದಿಲ್ಲ. ನಡುಕ ಕೊನೆಯವರೆಗೂ ಇತ್ತು, ಕೆಳಗೆ ಹಗ್ಗದಲ್ಲಿ ನೇತಾಡುತ್ತಿದ್ದ ಜಡೆಯನಿಗೂ ಅದು ತಿಳಿಯುತ್ತಿತ್ತು ಎನ್ನುತ್ತಾರೆ. ಕತ್ತಿನ ಮೇಲೆ ಬಿಸಿ ಉಸಿರು ಬಿತ್ತು. ಸೊಂಡಿಲ ತುದಿ ಅವನ ಕಿವಿಯನ್ನು ಮೂಸಿತು. ಬೊಮ್ಮ ಹಗ್ಗವನ್ನು ಇನ್ನೊಂದು ಸುತ್ತು ಮುಂಗೈಗೆ ಸುತ್ತಿಕೊಂಡ. ಮೇಲೆ ಏನು ನಡೆದಿದೆಯೆಂದು ತಿಳಿಯದ ಜಡೆಯ ಅದೇ ಹೊತ್ತಿಗೆ ಹಸಿಸೊಪ್ಪಿನ ಹೊಗೆ ಹಾಕಿದ. ಜೇನು ಎದ್ದಿತು. ಕಪ್ಪಗೆ ಅಂಚು ದಾಟಿ ಬಂದ ನೊಣಗಳು ಬೊಮ್ಮನನ್ನೂ ಬಿಡಲಿಲ್ಲ, ಆನೆಯನ್ನೂ ಬಿಡಲಿಲ್ಲ. ಆನೆ ಕಿವಿ ಬಡಿದು, ಘೀಳಿಟ್ಟು, ಗಿಡಗಂಟಿ ಮುರಿಯುತ್ತ ಬಂದ ದಾರಿಯಲ್ಲೇ ಓಡಿತು. ಬೊಮ್ಮ ಓಡಲಿಲ್ಲ.

ಜಡೆಯ ಮೇಲೆ ಬಂದಾಗ ಭಾವಮೈದುನನ ಮುಖ ಹಲಸಿನ ಹಣ್ಣಿನಂತೆ ಊದಿತ್ತು. ಹೊನ್ನೆಮರದ ಬುಡದಲ್ಲಿ ಆನೆಯ ಹೆಜ್ಜೆಗಳನ್ನು ನೋಡಿ ಅವನಿಗೆ ಎಲ್ಲವೂ ಅರ್ಥವಾಯಿತು. “ಆನೆ ನೊಣಕ್ಕ ಹೆದರಿ ಹೋಯ್ತು ಕಣ” ಎಂದ.

“ಹೂಂ, ನೊಣಕ್ಕೇ” ಎಂದ ಬೊಮ್ಮ. “ನೊಣ ಎಬ್ಬಿಸ್ದೋನು ಯಾರು?”

“ನಾನು.”

“ನಿನ್ನ ಹಿಡ್ದಿದ್ದೋನು?”

“ನೀನು.”

“ನನ್ನ?”

ಜಡೆಯ ಹೆಗಲ ಬುಟ್ಟಿಗೆ ಕೈಹಾಕಿ, ಜೇನುಹುಟ್ಟಿನಲ್ಲಿ ತುಪ್ಪ ತುಂಬಿದ ಕಡೆಯದೇ ಒಂದು ತುಂಡು ಮುರಿದು, ಬಂಡೆಯ ಕುಳಿಯಲ್ಲಿಟ್ಟ. “ಇದು ಭಾವನ ಪಾಲು” ಎಂದ. ಕೆಳಗಿನಿಂದ ಕೇತಿ, ಇಬ್ಬರೂ ಇದ್ದೀರಾ ಎಂದು ಕೂಗುತ್ತಿದ್ದಳು. ಇದ್ದೀವಿ ಎಂದು ಇಬ್ಬರೂ ಕೂಗಿದರು.

ಹೊನ್ನೆಮರದ ಸುತ್ತ ಇಂದಿಗೂ ಹಗ್ಗದ ಗುರುತು ಕಾಣುವುದಿಲ್ಲ. ಕಟ್ಟುವ ಬುದ್ಧಿ ಪೋಡಿಗೆ ಇನ್ನೂ ಬಂದಿಲ್ಲ. ಆನೆ ಜೇನಿಗೆ ಹೆದರುವುದು ಸಹಜವೆಂದು ಓದಿದವರು ಬಂದು ತಿಳಿಸಿದರೆ, ಹೌದು, ನೊಣವೇ ಓಡಿಸಿದ್ದು, ನಾವೂ ಅದನ್ನೇ ಹೇಳೋದು ಎನ್ನುತ್ತಾರೆ. ವಾದ ಅಲ್ಲಿಗೆ ನಿಲ್ಲುತ್ತದೆ. ಜೇನುಕಾಲದಲ್ಲಿ ಹೋದವರಿಗೆ ಕುಳಿಯಲ್ಲಿ ಹುಟ್ಟಿನ ತುಂಡು ಕಾಣುತ್ತದೆ. ಇರುವೆ ತಿನ್ನುತ್ತದೆ, ಕರಡಿ ನೆಕ್ಕುತ್ತದೆ, ಬಂದವರೂ ಬೆರಳದ್ದುತ್ತಾರೆ, ಯಾರೂ ಬೇಡವೆನ್ನುವುದಿಲ್ಲ. ಹಗ್ಗದಿಂದ ಮೇಲೆ ಬಂದವನು ಅದನ್ನಿಟ್ಟು, ತೊಳೆಯುವ ಮೊದಲೇ ಕೈ ಮುಗಿಯುತ್ತಾನೆ. ಜೇನಿನ ಅಂಟಿಗೆ ಜೋಡಿಸಿದ ಕೈ ಬೇಗ ಬಿಡುವುದಿಲ್ಲ.