ನೀಲವ್ವನ ತಂಬಿಗೆ

ಹೊಳೆ ಕಡಲು ಸೇರುವ ಕಡೆ ಗುರು ಅನಂತಯ್ಯನವರ ಆಶ್ರಮ. ಅಲ್ಲಿ ಎತ್ತ ಕಾಲಿಟ್ಟರೂ ನೀರೇ. ಅಂಗಳದಲ್ಲಿ ಬಾವಿ, ಬೇಲಿಯಾಚೆ ಹೊಳೆ, ಅದರಾಚೆ ಕಡಲು.

ಅಲ್ಲೇ ಬೆಳೆದ ಶಿಷ್ಯ ಶಂಭುವಿಗೆ ಒಂದೇ ಆಸೆ. ಘಟ್ಟದಾಚೆ, ಬಯಲುಸೀಮೆಯ ಹಳ್ಳಿಯೊಂದರಲ್ಲಿ ಗುರುಗಳ ಪುಟ್ಟ ಮಠ ಖಾಲಿ ಬಿದ್ದಿತ್ತು. ಅದನ್ನು ತನಗೆ ಒಪ್ಪಿಸಬೇಕು.

"ಅಲ್ಲಿನ ಜನಕ್ಕೆ ನಾಲ್ಕು ಒಳ್ಳೆಯ ಮಾತು ಹೇಳಿಕೊಂಡು ಇರ್ತೇನೆ ಗುರುಗಳೇ."

"ಹೇಳುವೆಯಂತೆ. ಮೊದಲು ಹೋಗಿ ನೋಡುವ. ನಿನ್ನನ್ನು ಅಲ್ಲಿ ಬಿಟ್ಟು ಬರುವುದೋ, ವಾಪಸು ಕರೆತರುವುದೋ, ಅಲ್ಲೇ ತೀರ್ಮಾನ."

ಇಬ್ಬರೂ ಹೊರಟರು. ಘಟ್ಟದ ಕಾಡಿನಲ್ಲಿ ಇಂಬಳ ಕಚ್ಚಿಸಿಕೊಂಡು, ಜಾರಿ ಬಿದ್ದು, ಎದ್ದು, ಅಂತೂ ಇಂತೂ ನೆತ್ತಿ ಮುಟ್ಟಿದಾಗ ಶಂಭು ಕುಣಿದೇಬಿಟ್ಟ.

"ಘಟ್ಟ ದಾಟಿದೆವು!"

"ನಾನಂತೂ ದಾಟಿದೆ," ಎಂದರು ಗುರುಗಳು. "ನಿನ್ನದು ನೋಡುವ."

ಮುದುಕರ ಕುಚೋದ್ಯ ಎಂದುಕೊಂಡ ಶಂಭು.

ಆಚೆ ನಡೆದಂತೆ ನಡೆದಂತೆ ಹಸಿರು ತೆಳುವಾಯಿತು. ಮರಗಳು ಕುಳ್ಳಾದವು. ಆಮೇಲೆ ಮರಗಳೂ ಇಲ್ಲ. ಕಪ್ಪು ನೆಲ, ಜೋಳದ ಕೂಳೆ, ಮೇಲೆ ಬೋಳು ಆಕಾಶ. ಎಷ್ಟೋ ದಿನಕ್ಕೆ ಮಠದ ಊರು ಸಿಕ್ಕಿತು.

ಊರಿನ ಮೊದಲ ಮನೆ ನೀಲವ್ವನದು. ಆಕೆ ಹೊರಗೆ ಬಂದಳು.

"ಬರ್ರಿ ಸ್ವಾಮ್ಯಾರ, ಬಿಸಿಲಾಗ ಬಂದೀರಿ," ಎಂದು ತುಂಬಿದ ತಂಬಿಗೆಯನ್ನು ಶಂಭುವಿನ ಕೈಗಿಟ್ಟಳು.

ಶಂಭು ತನ್ನೂರಿನ ರೂಢಿಯಂತೆ ಕಾಲ ಮೇಲೆ ಸುರಿದುಕೊಂಡ. ಹಿಮ್ಮಡಿ ಉಜ್ಜಿದ. ಮುಖ ತೊಳೆದು, ಬಾಯಿ ಮುಕ್ಕಳಿಸಿ ಉಗಿದ. ಖಾಲಿ ತಂಬಿಗೆ ಮುಂದಕ್ಕೆ ಚಾಚಿದ.

"ಇನ್ನು ಕುಡಿಯಲಿಕ್ಕೆ ಸ್ವಲ್ಪ ಕೊಡಿ ತಾಯಿ. ಗುರುಗಳಿಗೂ."

ನೀಲವ್ವ ಒದ್ದೆ ನೆಲವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕೊಡ ಎತ್ತಿಕೊಂಡಳು.

"ಕುಂದರ್ರಿ, ಬಂದೆ."

ಗುರುಗಳು ತಟ್ಟನೆ ಎದ್ದರು. "ಕೊಡ ನನಗೆ ಕೊಡವ್ವ, ನಾನು ತರ್ತೇನೆ."

"ಏ, ಬ್ಯಾಡ್ರಿ! ಮನೀಗೆ ಬಂದ ಸ್ವಾಮ್ಯಾರ ಕೈಲೆ ನೀರು ಹೊರಿಸಿದ್ರ ಮಂದಿ ಏನಂದಾರು?"

ಹಿತ್ತಲ ಬಾವಿಗೆ ಹೋಗಲಿಕ್ಕೆ ಇಷ್ಟೊಂದು ಮಾತೇ ಎಂದುಕೊಂಡ ಶಂಭು. ಹೊತ್ತು ತಿರುಗಿತು. ನೀಲವ್ವನ ಸುಳಿವಿಲ್ಲ.

"ಬಾವಿ ಹಿತ್ತಲಲ್ಲಿ ಅಲ್ವಾ ಗುರುಗಳೇ?"

ಗುರುಗಳು ಬಯಲಿನತ್ತ ಕೈ ತೋರಿಸಿದರು. ತುಂಬ ದೂರದಲ್ಲಿ ಒಂದು ಚುಕ್ಕೆ ಕಾಣುತ್ತಿತ್ತು. ಬರುಬರುತ್ತ ಅದು ನೀಲವ್ವನಾಯಿತು, ತಲೆಯ ಮೇಲೆ ಕೊಡ.

"ಹಾಗಾದರೆ ಆ ತಂಬಿಗೆ?"

"ಮನೆಯಲ್ಲಿ ಇದ್ದದ್ದೇ ಅಷ್ಟು, ಮಾರಾಯ."

ಅಯ್ಯೋ, ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಶಂಭುವಿಗೆ. ನೀಲವ್ವ ತಂಬಿಗೆ ತುಂಬಿ ಕೊಟ್ಟರೆ ಗುರುಗಳಿಗೆ ದಾಟಿಸಿದ. ಮತ್ತೆ ತುಂಬಿ ಕೊಟ್ಟಳು. ಅವನು ಹಿಡಿದುಕೊಂಡೇ ಕೂತ.

ಹುಡುಗ ನಾಚಿಕೊಂಡ ಎಂದು ಆಕೆ ಮಾತಿಗೆಳೆದಳು.

"ನಿಮ್ಮ ಕಡೆ ಸಮುದ್ರ ಐತಂತಲ್ಲ, ಹೆಂಗಿರ್ತೈತಿ ತಮ್ಮಾ?"

"ಕಣ್ಣು ಹಾಯುವಷ್ಟು ದೂರ ನೀರು, ತಾಯಿ."

"ಅಷ್ಟೂ ಕುಡಿಯಾಕ?"

"ಇಲ್ಲ. ಉಪ್ಪು. ಒಂದು ಗುಟುಕೂ ಗಂಟಲಲ್ಲಿ ಇಳಿಯುವುದಿಲ್ಲ."

ನೀಲವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ಶಿವನ! ಕಣ್ಣಮುಂದ ಅಷ್ಟು ನೀರಿದ್ದೂ ಕುಡಿಯಾಕ ಬರಂಗಿಲ್ಲಂದ್ರ! ಪಾಪ, ಹೆಂಗ ಬದುಕತಾವೋ ಆ ಜೀವ. ಕುಡಿ ತಮ್ಮಾ, ಇದು ಸಿಹಿನೀರು. ಹೊಟ್ಟಿ ತುಂಬ ಕುಡಿ. ಸಾಲದಿದ್ರ ಮತ್ತ ತರ್ತೀನಿ."

ನಮ್ಮಲ್ಲಿ ಮನೆಮನೆಗೂ ಬಾವಿ ಇದೆ ಎನ್ನಲು ಶಂಭುವಿಗೆ ಬಾಯಿ ಬರಲಿಲ್ಲ. ಕುಡಿದ. ಒಂದು ಹನಿಯೂ ಗಲ್ಲದ ಮೇಲೆ ಇಳಿಯದಂತೆ ಕುಡಿದ. ಇಳಿದದ್ದು ಕಣ್ಣೀರು ಮಾತ್ರ.

ಸಂಜೆ ಅವನು ಗುರುಗಳ ಕಾಲ ಬಳಿ ಕೂತ.

"ನನ್ನನ್ನು ವಾಪಸು ಕರೆದುಕೊಂಡು ಹೋಗಿ ಗುರುಗಳೇ. ಈ ಜನಕ್ಕೆ ಹೇಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ನಾಳೆ ಆ ತಾಯಿಯ ಕೊಡ ತುಂಬಿಸಿಟ್ಟು ನಿಮ್ಮ ಹಿಂದೆ ಬಂದುಬಿಡ್ತೇನೆ."

ಗುರುಗಳು ಮಠದ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟರು.

"ವಾಪಸು ಎಂತಕ್ಕೆ ಮಾರಾಯ? ನೀನು ಘಟ್ಟ ದಾಟಿದ್ದೇ ಈಗ."