ಕೇಬಲ್ ಕೊಟ್ಟ ತೀರ್ಪು

೨೦೧೪ರ ಮೇ ೯ರಂದು ನನ್ನ ಡೈರಿಯಲ್ಲಿ ಹೀಗೆ ಬರೆದಿದ್ದೇನೆ: ‘ಮಗಳು ಮಂದಾಕಿನಿಯ ಮದುವೆಯ ಫೋಟೋಗಳು ಹಳೆಯ ಡಿಸ್ಕಿನಲ್ಲಿ ಮಾತ್ರ ಇವೆ. ಇಂದು ಹೊಸ ಡಿಸ್ಕಿಗೆ ನಕಲು.’ ಆಗ ಮೇಜಿನ ಮೇಲೆ ನಡೆದದ್ದು ಇದು.

“ಅಣ್ಣಾ, ಮದುಮಗನ ಕತ್ತಿನ ಮೇಲೆ ತೆಂಗಿನಕಾಯಿ ಕಳಿಸಿದ್ದೀಯಲ್ಲ!” ಎಂದಿತು ಹೊಸ ಡಿಸ್ಕ್.

“ನಾನು ತಲೆಯನ್ನೇ ಕಳಿಸಿದೆ. ನೀನೇ ನುಂಗಿರಬೇಕು,” ಎಂದಿತು ಹಳೆಯದು.

ಎರಡನ್ನೂ ಜೋಡಿಸಿದ್ದ ಕೇಬಲ್ ಗಂಭೀರವಾಗಿ ನುಡಿಯಿತು: “ಜಗಳ ಬೇಡ. ನಾನು ಯಾರ ಪಕ್ಷವೂ ಅಲ್ಲ. ಇನ್ನೊಮ್ಮೆ ಕಳಿಸಿ, ನಾನೇ ಪರೀಕ್ಷಿಸುತ್ತೇನೆ.”

ಈ ಸಲ ಕತ್ತಿನ ಮೇಲೆ ಪುರೋಹಿತರ ಮಂಡಿ ಬಂತು.

“ಹಿರಿಯರಿಗೆ ಅರಳುಮರಳು,” ಎಂದು ಕೇಬಲ್ ತೀರ್ಪಿತ್ತಿತು.

“ಹಾಗಾದರೆ ನನ್ನಲ್ಲಿರುವುದೆಲ್ಲ ಸುಳ್ಳೇ ಇರಬೇಕು,” ಎಂದು ನೊಂದ ಹಳೆಯ ಡಿಸ್ಕ್ ತನ್ನನ್ನು ತಾನೇ ಪೂರ್ತಿ ಅಳಿಸಿಕೊಂಡಿತು.

ಮರುವಾರ, ಆಗಷ್ಟೇ ಕೊಂಡ ಕ್ಯಾಮೆರಾ ಅದೇ ಕೇಬಲಿನ ಮೂಲಕ ನಾಮಕರಣದ ಫೋಟೋ ಕಳಿಸಿತು. ತೊಟ್ಟಿಲಲ್ಲಿ ಕುಂಬಳಕಾಯಿ ಮಲಗಿತ್ತು.

“ಪಾಪ, ಇದಕ್ಕೂ ವಯಸ್ಸಾಯಿತು,” ಎಂದಿತು ಕೇಬಲ್.

ಕೊನೆಗೆ ನಷ್ಟವಾದದ್ದು ಆ ಮದುವೆಯ ಒಂದೇ ಒಂದು ಸರಿಯಾದ ಪ್ರತಿ. ಅಂದು ಅಳಿಯಂದಿರ ಮುಖ ಹೇಗಿತ್ತೆಂಬುದನ್ನು ಈಗ ಬಾಯಿಮಾತಿನಲ್ಲೇ ಹೇಳಬೇಕಾಗಿದೆ.