ಬಿರುಕು ಬಿಸ್ಕತ್ತಿಗೆ ಐಸಿಂಗ್

ಇಟಲಿಯ ಬಿಸ್ಕತ್ತುಗಳು ಓವನ್‌ನಿಂದ ಹೊರಬಂದವು. ಸಕ್ಕರೆಯ ಐಸಿಂಗ್ ಮೆತ್ತಿಕೊಂಡವು ಕ್ರಿಸ್‌ಮಸ್ ತಟ್ಟೆಗೆ, ಉಳಿದವು ಚೂರಿನ ಡಬ್ಬಿಗೆ ಹೋಗಬೇಕು.

ನುಣುಪು ಬಿಸ್ಕತ್ತು ಪಕ್ಕದ ಬಿರುಕು ಬಿಸ್ಕತ್ತಿಗೆ, "ನಿನಗ್ಯಾಕಮ್ಮ ಅಲಂಕಾರ? ಡಬ್ಬಿಗೆ ನಡಿ," ಎಂದಿತು. ಆಮೇಲೆ ಬಟ್ಟಲಿನತ್ತ ತಿರುಗಿ, "ಐಸಿಂಗಣ್ಣಾ, ಮೊದಲು ನನಗೆ!" ಎಂದಿತು.

"ನಿನ್ನ ಮೈ ಇನ್ನೂ ಸುಡುತ್ತಿದೆ ತಾಯಿ. ಆರಲಿ," ಎಂದಿತು ಐಸಿಂಗ್.

"ಕಾಯುವ ಜಾಯಮಾನ ನನ್ನದಲ್ಲ!"

ಐಸಿಂಗ್ ಇಳಿಯಿತು, ಬಿಸಿಗೆ ನೀರಾಗಿ ಜಾರಿಹೋಯಿತು. ನುಣುಪು ಬಿಸ್ಕತ್ತು ಬೋಳಾಗಿ ಉಳಿಯಿತು.

ಬಿರುಕು ಬಿಸ್ಕತ್ತು ಪೂರ್ತಿ ಆರುವವರೆಗೆ ಕಾದು, "ಈ ಬಿರುಕಿನ ಮೇಲೆ ನಿಲ್ಲುತ್ತೀಯಾ?" ಎಂದು ಅಂಜುತ್ತಲೇ ಕೇಳಿತು.

"ಅಲ್ಲೇ ನನಗೆ ಗಟ್ಟಿ ಹಿಡಿತ," ಎಂದು ಐಸಿಂಗ್ ಬಿರುಕು ತುಂಬಿ ಬೆಳ್ಳಗೆ ನಿಂತಿತು. ಅದು ಒಣಗುವ ಮೊದಲೇ ಬಣ್ಣದ ಸಕ್ಕರೆಕಾಳುಗಳು ಬಂದು ಕೂತವು.

ನುಣುಪು ಬಿಸ್ಕತ್ತು ತಗ್ಗಿದ ದನಿಯಲ್ಲಿ, "ಆರಿದರೆ ನನ್ನ ಮೇಲೂ ಬರುತ್ತೀಯಾ?" ಎಂದಿತು.

"ಮೊದಲು ಪೂರ್ತಿ ಆರು. ಬಟ್ಟಲಲ್ಲಿ ಇನ್ನೂ ಇದ್ದೇನೆ."